ಅಳಿವೆ ದಾಟುವ ಹೊತ್ತು

ದೀಪಾವಳಿಗೆ ಊರಿಗೆ ಹೋದವನು ಈ ಸಲ ಒಂದು ಹಳೇ ಆಸೆ ತೀರಿಸಿಕೊಂಡು ಬಂದೆ. ಗಂಗೊಳ್ಳಿಯಿಂದ ನಾಡದೋಣಿಯಲ್ಲಿ ಮೀನಿಗೆ ಹೋಗಿ ಬರುವುದು. ನಮ್ಮ ಮನೆ ಇರೋದು ಕುಂದಾಪುರದಲ್ಲೇ. ಆದರೂ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಅಳಿವೆ ದಾಟಿ ಹೊರಗೆ ಹೋದವನಲ್ಲ. ದಂಡೆಯಲ್ಲಿ ನಿಂತು ಚುರುಮುರಿ ತಿಂದಿದ್ದೇ ಬಂತು :)

ದೋಣಿ ನನ್ನ ಜೊತೆ ಪ್ರೈಮರಿ ಸ್ಕೂಲಿನಲ್ಲಿ ಓದಿದ ಗೆಳೆಯನ ಅಪ್ಪನದು. ಗೆಳೆಯ ದುಬೈಯಲ್ಲಿದ್ದಾನೆ. ಅಪ್ಪ ಮಾತ್ರ ಇನ್ನೂ ದೋಣಿ ಬಿಟ್ಟಿಲ್ಲ. ದೋಣಿ ನಡೆಸುವ ಯಜಮಾನನನ್ನು ನಮ್ಮಲ್ಲಿ ತಂಡೇಲ ಅಂತಾರೆ. ಬ್ರಿಟಿಷರ ಕಾಲದ ಹಡಗುಗಳಲ್ಲಿ 'ಟಿಂಡಲ್' ಅಂತ ಒಂದು ಹುದ್ದೆ ಇತ್ತು, ಭಾರತೀಯ ನಾವಿಕರ ಮೇಸ್ತ್ರಿ. ಅದು ಇದೇ ಪದ. ಹಾಗಾಗಿ ಇಲ್ಲಿ ಅವರನ್ನು ತಂಡೇಲರು ಅಂತಲೇ ಕರೆಯುತ್ತೇನೆ.

ಬಯಲುಸೀಮೆಯ ಗೆಳೆಯರಿಗಾಗಿ ಅಳಿವೆ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ನದಿ ಸಮುದ್ರ ಸೇರುವ ಬಾಯಿಯೇ ಅಳಿವೆ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಅಂತ ಐದು ನದಿಗಳು ಒಂದೇ ಬಾಯಲ್ಲಿ ಸಮುದ್ರಕ್ಕೆ ಬೀಳುತ್ತವೆ. ಅದಕ್ಕೇ ಪಂಚಗಂಗಾವಳಿ. ಬಡಗು ದಡದಲ್ಲಿ ಗಂಗೊಳ್ಳಿ, ತೆಂಕು ದಡದಲ್ಲಿ ಕೋಡಿ. ನದಿ ಹೊತ್ತು ತರುವ ಮರಳಿಗೂ ಸಮುದ್ರ ಒಳಗೆ ತಳ್ಳುವ ಮರಳಿಗೂ ಈ ಬಾಯಲ್ಲಿ ಜಗಳ. ಜಗಳ ತೀರದೆ ಎರಡೂ ಅಲ್ಲೇ ಕೂತುಬಿಡುತ್ತವೆ. ನೀರಿನ ಅಡಿಯಲ್ಲಿ ಒಂದು ದಿಬ್ಬ ಏಳುತ್ತದೆ. ದಿಬ್ಬದ ನಡುವೆ ಎಲ್ಲೋ ಒಂದು ಕಡೆ ನೀರು ತನಗೊಂದು ದಾರಿ ಕೊರೆದುಕೊಂಡಿರುತ್ತದೆ. ದೋಣಿ ಹೋಗಬೇಕಾದ್ದು ಆ ದಾರಿಯಲ್ಲಿ. ಆ ದಾರಿ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಒಂದು ದೊಡ್ಡ ಗಾಳಿ ಬಂದರೆ ವಾರದೊಳಗೂ ಬದಲಾಗಬಹುದು. ಇದಿಷ್ಟು ಪೀಠಿಕೆ.

ನಾವು ಹೊರಟದ್ದು ಅಮಾವಾಸ್ಯೆ ಕಳೆದ ಎರಡನೇ ದಿನ, ಮಧ್ಯಾಹ್ನ ಒಂದು ಗಂಟೆಗೆ. ಆಗ ಭರತ, ಅಂದರೆ ನೀರು ತುಂಬಿತ್ತು. ದೋಣಿ ನೇರವಾಗಿ ದಿಬ್ಬದ ಮೇಲೇ ಹಾಯ್ದು ಹೊರಗೆ ಹೋಯಿತು, ನನಗೆ ದಿಬ್ಬ ಇರುವುದೇ ಗೊತ್ತಾಗಲಿಲ್ಲ. ನಾನು ಫೋನಿನಲ್ಲಿ ಜಿಪಿಎಸ್ ಟ್ರ್ಯಾಕ್ ಆನ್ ಮಾಡಿ ಇಟ್ಟಿದ್ದೆ. ಸಾಫ್ಟ್‌ವೇರಿನವರ ಚಟ. ಬಲೆ ಬಿಟ್ಟು, ಎಳೆದು, ಬಂಗುಡೆ ಒಂದಿಷ್ಟು ತುಂಬಿಕೊಂಡು ವಾಪಸ್ ಅಳಿವೆಯ ಎದುರಿಗೆ ಬಂದಾಗ ಏಳು ಗಂಟೆ. ಪೂರ್ತಿ ಕತ್ತಲು. ನೀರು ಪೂರ್ತಿ ಇಳಿದಿತ್ತು.

ದೋಣಿ ನಿಂತಿತು. ಎದುರಿಗೆ ಗಂಗೊಳ್ಳಿ ದೀಪಾವಳಿಯ ದೀಪ ಹಚ್ಚಿಕೊಂಡು ಕೂತಿದೆ, ಕೂಗಿದರೆ ಕೇಳಿಸುವಷ್ಟು ಹತ್ತಿರ. ನಾನು ಫೋನ್ ತೆಗೆದು, ನೋಡಿ ನಾವು ಬಂದ ದಾರಿ ಇಲ್ಲೇ ಇದೆ, ಇದರ ಮೇಲೆ ಹೋದರಾಯ್ತಲ್ಲ ಅಂದೆ. ತಂಡೇಲರು ಸ್ಕ್ರೀನ್ ನೋಡಲೇ ಇಲ್ಲ. "ಹ್ವಾಯ್, ಆ ಲೈಟ್ ಆಫ್ ಮಾಡ್ ಮರಾಯಾ, ಕಣ್ಣ್ ಕುರ್ಡ್ ಆತ್ತ್" ಅಂದರು. ಮೋಟಾರನ್ನೂ ನಿಲ್ಲಿಸಿದರು. ಆಮೇಲೆ ಯಾರೂ ಮಾತಾಡಬಾರದು ಅಂತ ಕೈಸನ್ನೆ.

ಸುಮ್ಮನೆ ಕೂತಾಗ ಕೇಳಿಸಿತು. ಎಡಗಡೆ ಅಲೆ ಒಡೆಯುವ ಸದ್ದು. ಬಲಗಡೆ ಇನ್ನೂ ಜೋರಾಗಿ. ನನ್ನ ಫೋನಿನ ಗೆರೆ ಇದ್ದದ್ದು ಆ ಬಲಗಡೆಯ ಸದ್ದಿನ ಮೇಲೇ. ಆರು ಗಂಟೆ ಹಿಂದೆ ಸರಿಯಾಗಿದ್ದ ದಾರಿ, ಒಂದಡಿಯೂ ಕದಲದೆ, ಈಗ ತಪ್ಪಾಗಿತ್ತು!

ಆ ರಾತ್ರಿಯಿಂದ ನನಗೆ ಇದೇ ಗುಂಗು. ವಾಪಸ್ ಬೆಂಗಳೂರಿಗೆ ಬಂದ ಮೇಲೆ ಹುಡುಕಿ ಹುಡುಕಿ ಓದಿದೆ. ಮನುಷ್ಯರು ಆಳವಿಲ್ಲದ ನೀರಲ್ಲಿ ದಾರಿ ಹುಡುಕಿದ ಇತಿಹಾಸ ದೊಡ್ಡದಿದೆ. ಅದರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಮೊದಲ ಸಾಲಲ್ಲೇ ಸೀಟು.

ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಗ್ರೀಕ್ ಭಾಷೆಯ ವ್ಯಾಪಾರಿಯೊಬ್ಬ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಅಂತ ಒಂದು ಕೈಪಿಡಿ ಬರೆದ. ಹೆಸರು ಗೊತ್ತಿಲ್ಲ. ಯಾವ ಬಂದರಿನಲ್ಲಿ ಏನು ಸಿಗುತ್ತೆ, ಏನು ಮಾರಬಹುದು ಅಂತ ಪಟ್ಟಿ ಮಾಡುವ ಒಣ ಪುಸ್ತಕ. ಆದರೆ ಗುಜರಾತಿನ ಬರಿಗಾಜ ಅಂದರೆ ಭರೂಚ್ ಬಂದಾಗ ಮಾತ್ರ ಪುಣ್ಯಾತ್ಮನಿಗೆ ಉಸಿರು ಕಟ್ಟುತ್ತದೆ. ನರ್ಮದೆಯ ಬಾಯಿ ಸಿಗುವುದೇ ಕಷ್ಟ, ದಡ ತಗ್ಗು, ಹತ್ತಿರ ಬರುವವರೆಗೂ ಕಾಣುವುದಿಲ್ಲ, ಸಿಕ್ಕಿದರೂ ಮರಳ ದಿಬ್ಬಗಳು. ಖಂಭಾತ್ ಕೊಲ್ಲಿಯ ಉಬ್ಬರ ಅಂದರೆ ನಮ್ಮದರ ಹಾಗಲ್ಲ. ನಮ್ಮಲ್ಲಿ ನೀರು ಏರಿ ಇಳಿಯುವುದು ಒಂದೂವರೆ ಮೀಟರಿನ ಆಸುಪಾಸು, ಅಲ್ಲಿ ಕೊಲ್ಲಿಯ ಒಳಗೆ ಹತ್ತು ಮೀಟರ್ ದಾಟುತ್ತದೆ. ಅಮಾವಾಸ್ಯೆಯ ರಾತ್ರಿ ನೀರು ಬರುವಾಗ ದೂರದ ಸೈನ್ಯ ಕೂಗಿದ ಹಾಗೆ ಸದ್ದು ಕೇಳುತ್ತದೆ, ನೋಡನೋಡುತ್ತ ಸಮುದ್ರವೇ ದಿಬ್ಬಗಳ ಮೇಲೆ ನುಗ್ಗಿ ಬರುತ್ತದೆ ಎಂಬರ್ಥದಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷದ ಹಿಂದೆಯೂ ಕತ್ತಲಲ್ಲಿ ಮೊದಲು ಕೆಲಸ ಮಾಡಿದ್ದು ಕಿವಿಯೇ ಅಂತಾಯ್ತು.

ಅದಕ್ಕೆ ಅಲ್ಲಿನ ರಾಜ ಮಾಡಿದ ವ್ಯವಸ್ಥೆ ಏನು ಗೊತ್ತಾ? ಊರಿನ ಮೀನುಗಾರರನ್ನೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದ. ಅವರು ತ್ರಪ್ಪಗ, ಕೊಟಿಂಬ ಅನ್ನುವ ದೊಡ್ಡ ದೋಣಿಗಳಲ್ಲಿ ಸೌರಾಷ್ಟ್ರದ ಕಡೆವರೆಗೂ ಹೋಗಿ ಪರದೇಶದ ಹಡಗುಗಳನ್ನು ಎದುರುಗೊಳ್ಳುತ್ತಿದ್ದರು. ನೀರು ಏರಲು ಶುರುವಾದಾಗ ಹಗ್ಗ ಕಟ್ಟಿ ಎಳೆದುಕೊಂಡು ಬರುವುದು, ಇಳಿಯುವಾಗ ನದಿಯಲ್ಲಿ ಎಲ್ಲಿ ಗುಂಡಿ ಇದೆಯೋ ಅಲ್ಲಿ ಲಂಗರು ಹಾಕಿ ಕಾಯುವುದು, ಮತ್ತೆ ಏರಿದಾಗ ಎಳೆಯುವುದು. ನದಿಯೊಳಗೆ ಮುನ್ನೂರು ಸ್ಟೇಡಿಯಾ ಹೀಗೇ. ಅರಬ್ಬೀ ಸಮುದ್ರವನ್ನು ಮಾನ್ಸೂನ್ ಗಾಳಿ ಹಿಡಿದು ದಾಟಿ ಬಂದ ಕಪ್ತಾನ, ಕೊನೆಯ ಐವತ್ತು ಕಿಲೋಮೀಟರಿಗೆ ಚುಕ್ಕಾಣಿಯನ್ನು ಮೀನುಗಾರನ ಕೈಗೆ ಕೊಟ್ಟು ಸುಮ್ಮನೆ ಕೂರುತ್ತಿದ್ದ. ಕೈಪಿಡಿ ಬರೆದವನೂ ದಾರಿ ಹೀಗೆ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಬರೆದು ಮುಗಿಸಲಿಲ್ಲ. ಮೀನುಗಾರರು ಬರುತ್ತಾರೆ ಅಂತ ಬರೆದ. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಇದೇ ಪುಸ್ತಕದಲ್ಲಿ ದಡ ಹತ್ತಿರ ಬಂತು ಅಂತ ತಿಳಿಯಲು ಹಾವುಗಳನ್ನು ನೋಡಿ ಅಂತಲೂ ಇದೆ. ಇಂಥ ಕಡೆ ಕಪ್ಪು ದೊಡ್ಡ ಹಾವು, ಭರೂಚ್ ಹತ್ತಿರ ಬಂದರೆ ಚಿಕ್ಕವು, ಹಸಿರಿನ ಮೇಲೆ ಚಿನ್ನದ ಬಣ್ಣ, ಮಲಬಾರಿನ ಕಡೆ ಕೆಂಪು ಕಣ್ಣಿನವು. ಹಗಲಿಗೆ ಸರಿ. ಅಮಾವಾಸ್ಯೆ ಕತ್ತಲಲ್ಲಿ ಹಾವಿನ ಕಣ್ಣು ನೋಡುವವರು ಯಾರು ಸ್ವಾಮಿ?

ಕತ್ತಲಲ್ಲಿ ಕೆಲಸಕ್ಕೆ ಬರುವುದು ಸೀಸದ ಗುಂಡು. ಹಗ್ಗದ ತುದಿಗೆ ಸೀಸ ಕಟ್ಟಿ ನೀರಿಗೆ ಬಿಟ್ಟು ಆಳ ಅಳೆಯುವುದು. ಗುಂಡಿನ ಬುಡದಲ್ಲಿ ಒಂದು ಕುಳಿ, ಅದರಲ್ಲಿ ಕೊಬ್ಬು ಮೆತ್ತಿರುತ್ತಾರೆ. ಮೇಲೆ ಎಳೆದಾಗ ಅದಕ್ಕೆ ತಳದ ಮಣ್ಣು ಅಂಟಿ ಬರುತ್ತದೆ. ಕೆಸರಾ, ಮರಳಾ, ಚಿಪ್ಪಿನ ಚೂರಾ ನೋಡಿ ಎಲ್ಲಿದ್ದೇವೆ ಅಂತ ಹೇಳುವುದು. ಯುರೋಪಿನವರು ಆಳವನ್ನು ಅಳೆದದ್ದು ಫ್ಯಾದಮ್ ಲೆಕ್ಕದಲ್ಲಿ, ಆರು ಅಡಿ. ಆ ಪದದ ಮೂಲ ಅರ್ಥ ಚಾಚಿದ ಎರಡು ತೋಳು. ನಮ್ಮ ಮೀನುಗಾರರು ಇವತ್ತಿಗೂ ಲೆಕ್ಕ ಹೇಳುವುದು ಮಾರಿನಲ್ಲಿ. ಹೂವಾಡಗಿತ್ತಿ ಅಳೆದು ಕೊಡುವ ಅದೇ ಮಾರು! ಹಗ್ಗ ಎಳೆಯುವವನು ಎಳೆಎಳೆಗೂ ಕೈ ಚಾಚುತ್ತಾನಲ್ಲ, ಎಷ್ಟು ಸಲ ಚಾಚಿದನೋ ಅಷ್ಟು ಆಳ. ಎರಡು ಖಂಡದ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ಯೂನಿಟ್ ಕಂಡುಹಿಡಿದಿದ್ದಾರೆ.

ನಮ್ಮ ತಂಡೇಲರ ಹತ್ತಿರ ಸೀಸದ ಗುಂಡಿಲ್ಲ. ಜಲ್ಲೆ ಇತ್ತು, ಉದ್ದದ ಬಿದಿರು. ಒಬ್ಬ ಹುಡುಗ ಮುಂದೆ ನಿಂತು ಆಗಾಗ ಜಲ್ಲೆ ಇಳಿಸಿ ನೋಡುತ್ತಿದ್ದ. ತಳಕ್ಕೆ ತಾಗಿದರೆ 'ಠಕ್' ಅಂತ ದೋಣಿಯ ಹಲಗೆಗೆ ಒಮ್ಮೆ ಬಡಿಯುವುದು, ಅಷ್ಟೇ ಸಂಕೇತ.

ಕಾದೆವು. ಎಂಟು ಗಂಟೆ, ಎಂಟೂಕಾಲು. ನೀರು ಏರಲಿ ಅಂತ ಕಾಯುವುದು. ಇಲ್ಲಿ ಸ್ವಲ್ಪ ಫಿಸಿಕ್ಸ್ ಹೇಳಿದರೆ ಓಡಿಹೋಗಬೇಡಿ. ಅಲೆ ಆಳದ ನೀರಿನಿಂದ ದಿಬ್ಬದ ಮೇಲೆ ಬಂದಾಗ ನಿಧಾನವಾಗುತ್ತದೆ, ಹಿಂದಿನದು ಬಂದು ಒತ್ತುತ್ತದೆ, ಎತ್ತರವಾಗುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಅಂದರೆ ಒಂದು ಮೀಟರಿನ ಅಲೆ ಒಡೆಯುತ್ತಿದೆ ಅಂದರೆ ಅಲ್ಲಿ ನೀರು ಒಂದು ಮೀಟರಿಗಿಂತ ಸ್ವಲ್ಪವೇ ಜಾಸ್ತಿ. ಅಲೆಯ ಸದ್ದೇ ಒಂದು ಅಳತೆಗೋಲು! ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ನುಗ್ಗುತ್ತಿರುತ್ತದೆ, ಎದುರಿನಿಂದ ಅಲೆ. ಎರಡೂ ಢಿಕ್ಕಿಯಾಗಿ ಅಲೆ ಗೋಡೆಯ ಹಾಗೆ ಕಡಿದಾಗುತ್ತದೆ. ಅದಕ್ಕೇ ಇಳಿತದಲ್ಲಿ ಅಳಿವೆಗೆ ಹೋಗಬಾರದು, ನೀರು ಒಳಕ್ಕೆ ತಿರುಗಿದ ಮೇಲೆ ಹೋಗಬೇಕು. ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ, ಚಂದ್ರನ ಹಾಗೇ. ಹಾಗಾಗಿ ಇವರಿಗೆ ವಾಚು ಬೇಡ, ತಿಥಿ ಗೊತ್ತಿದ್ದರೆ ಸಾಕು. ನಾನು ಬಿದಿಗೆಯೋ ತದಿಗೆಯೋ ಅಂತ ಆಪ್ ತೆಗೆದು ನೋಡಬೇಕು.

ಕಾಯುವಾಗ ತಂಡೇಲರು ಬೀಡಿ ಹಚ್ಚಲಿಲ್ಲ, ಬೆಂಕಿಯೂ ಕಣ್ಣು ಕೆಡಿಸುತ್ತದೆ ಅಂತ. ಮೆಲ್ಲಗೆ ಒಂದು ಮಾತು ಹೇಳಿದರು. ಅವರ ಅಣ್ಣ ಹೋದದ್ದು ಇಲ್ಲೇ, ಇದೇ ಬಾಯಲ್ಲಿ. ಮನೆಯ ದೀಪ ಕಾಣುತ್ತಿತ್ತು ಅಂದರು. ಹಿಂದಿನಿಂದ ಅಲೆ ಎತ್ತಿದಾಗ ದೋಣಿ ಅಡ್ಡ ತಿರುಗಿತು, ಅಷ್ಟೇ. ನಾನು ಏನೂ ಹೇಳಲಿಲ್ಲ.

ನಮ್ಮ ಅಳಿವೆಗೂ ದೊಡ್ಡ ಇತಿಹಾಸ ಇದೆ. ಕುಂದಾಪುರದಿಂದ ಆರೇಳು ಕಿಲೋಮೀಟರ್ ಒಳಗೆ ವಾರಾಹಿಯ ದಡದಲ್ಲಿ ಬಸ್ರೂರು. ಇವತ್ತು ಬಸ್ಸು ನಿಲ್ಲುವ ಒಂದು ಶಾಂತ ಊರು, ಆಗ ದೊಡ್ಡ ಬಂದರು. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಬಾರ್ಬೊಸಾ ಇದನ್ನು ಬ್ರಸೆಲೋರ್ ಅಂತ ಕರೆದಿದ್ದಾನೆ. ಇಲ್ಲಿನ ಅಕ್ಕಿ ಹಡಗು ಹತ್ತಿ ದೂರದೂರ ಹೋಗುತ್ತಿತ್ತು. ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬಿದ್ದೂ ಇದೇ ಅಕ್ಕಿಯಿಂದ. 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಬಸ್ರೂರನ್ನು ಲೂಟಿ ಮಾಡಿ ಹೋದ. ಶಾಲೆಯಲ್ಲಿ ಓದುವಾಗ ಇದು ಪರೀಕ್ಷೆಯ ಒಂದು ಮಾರ್ಕು. ಈಗ ಅನಿಸುತ್ತದೆ, ಅಕ್ಕಿ ಹೊತ್ತ ಪ್ರತಿ ದೋಣಿಯೂ, ಒಳಗೆ ಬಂದ ಪ್ರತಿ ದಂಡೂ ಈ ದಿಬ್ಬವನ್ನು ದಾಟಲೇಬೇಕಿತ್ತು. ಯಾರೋ ಒಬ್ಬ ಮುಂದೆ ಜಲ್ಲೆ ಹಿಡಿದು ನಿಂತಿರಲೇಬೇಕು. ಚರಿತ್ರೆಯಲ್ಲಿ ಅವನ ಹೆಸರಿಲ್ಲ ಬಿಡಿ.

ಇಂಗ್ಲಿಷರು ಬಂದ ಮೇಲೆ ಎಲ್ಲ ಕಾಗದದ ಮೇಲೆ ಬಂತು. ಜೇಮ್ಸ್ ಹಾರ್ಸ್‌ಬರ್ಗ್ ಅಂತ ಸ್ಕಾಟ್ಲೆಂಡಿನವನು. 1786ರಲ್ಲಿ ಅವನು ಮೇಟ್ ಆಗಿದ್ದ ಹಡಗು ನಕ್ಷೆಯ ತಪ್ಪಿನಿಂದ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ದ್ವೀಪಕ್ಕೆ ಬಡಿದು ಒಡೆಯಿತು. ಅದೃಷ್ಟಕ್ಕೆ ಬದುಕಿದ. ಆ ಸಿಟ್ಟಿಗೋ ಏನೋ, ಉಳಿದ ಆಯುಷ್ಯವನ್ನೆಲ್ಲ ನಕ್ಷೆ ಸರಿಮಾಡುವುದಕ್ಕೇ ಇಟ್ಟ. 1809ರಿಂದ 1811ರ ನಡುವೆ ಅವನ ದೊಡ್ಡ ಸಮುದ್ರಯಾನ ಕೈಪಿಡಿ ಹೊರಬಂತು, 1810ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೈಡ್ರೋಗ್ರಾಫರ್ ಆದ. ಪ್ರೊಡಕ್ಷನ್ನಿನಲ್ಲಿ ಬಗ್ ಕಚ್ಚಿದವನೇ ಒಳ್ಳೆ ಟೆಸ್ಟರ್ ಆಗುವುದು ಅಂತ ನಮ್ಮ ಆಫೀಸಿನಲ್ಲಿ ಹೇಳುತ್ತಾರೆ :) ಆದರೆ ಬಂಡೆ, ದ್ವೀಪಗಳ ನಕ್ಷೆ ಒಮ್ಮೆ ಸರಿಯಾದರೆ ಸರಿಯಾದ ಹಾಗೇ. ಅಳಿವೆಯದ್ದು ಹಾಗಲ್ಲ. ಆಳ ಅಳೆದು, ಕೆತ್ತಿ, ಅಚ್ಚಾಗಿ ಬರುವಷ್ಟರಲ್ಲಿ ಒಂದು ಮಳೆಗಾಲ ಹೋಗಿರುತ್ತದೆ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಿ, ಸಾಮಾನನ್ನು ಮಚ್ವೆಗಳಲ್ಲಿ ಒಳಗೆ ಕಳಿಸುವುದೇ ಕರಾವಳಿಯ ಪದ್ಧತಿಯಾಯಿತು. ಮಂಗಳೂರಿನಲ್ಲೂ ಅದೇ ಕತೆ. ಪಣಂಬೂರಿನಲ್ಲಿ ಅಳಿವೆಯ ಗೋಜೇ ಬೇಡ ಅಂತ ದಡವನ್ನೇ ಅಗೆದು ಬಂದರು ಮಾಡಿದ್ದು 1970ರ ದಶಕದಲ್ಲಿ.

ದೀಪಸ್ತಂಭಗಳೂ ಬಂದವು. ಕಾರವಾರದ ಎದುರಿನ ದೇವಗಡ ದ್ವೀಪದ್ದು 1864ರದ್ದು, ಕಾಪುವಿನದು 1901ರದ್ದು. ಎಲ್ಲರೂ ಕಾಪುವಿನಲ್ಲಿ ಫೋಟೋ ತೆಗೆಸಿಕೊಂಡವರೇ. ದೀಪ ಎತ್ತರದಲ್ಲಿ ಯಾಕಿರಬೇಕು ಅಂದರೆ ಭೂಮಿ ದುಂಡಗಿದೆ. ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರ್ ದೂರದ ದಿಗಂತ ಅಂತ ಸಿಗುತ್ತದೆ. 36 ಮೀಟರ್ ಎತ್ತರದ ದೀಪಕ್ಕೆ ಸುಮಾರು 21 ಕಿಲೋಮೀಟರ್. ದೋಣಿಯಲ್ಲಿ ಕೂತವನ ಕಣ್ಣು ಒಂದು ಮೀಟರ್ ಎತ್ತರದಲ್ಲಿದ್ದರೆ ಇನ್ನೂ ಮೂರೂವರೆ ಸೇರಿಸಿ. ಕೋಡಿಯಲ್ಲೂ ಒಂದು ದೀಪಸ್ತಂಭ ಇದೆ. ಆದರೆ ದೀಪಸ್ತಂಭ ಹೇಳುವುದು ಊರು ಇಲ್ಲಿದೆ ಅಂತ, ಬಾಗಿಲು ಇಲ್ಲಿದೆ ಅಂತಲ್ಲ.

ಬಾಗಿಲು ಹೇಳುವುದಕ್ಕೆ ಎರಡು ದೀಪ ಬೇಕು. ಒಂದು ಮುಂದೆ, ಒಂದು ಅದರ ಹಿಂದೆ ಎತ್ತರದಲ್ಲಿ. ಎರಡೂ ಒಂದರ ಮೇಲೊಂದು ಬಂದು ನಿಂತರೆ ನೀವು ಸರಿಯಾದ ಗೆರೆಯ ಮೇಲಿದ್ದೀರಿ. ಮೇಲಿನದು ಎಡಕ್ಕೆ ಸರಿದರೆ ನೀವೂ ಎಡಕ್ಕೆ ಸರಿದಿದ್ದೀರಿ. ಬ್ಯಾಟರಿ ಬೇಡ, ಸ್ಯಾಟಲೈಟ್ ಬೇಡ. ದೊಡ್ಡ ಬಂದರುಗಳಲ್ಲಿ ಇದಕ್ಕಂತಲೇ ಕಂಬ ನೆಡುತ್ತಾರೆ. ತಂಡೇಲರ ಅಪ್ಪನ ಕಾಲದಲ್ಲಿ ಮನೆಯವರೇ ಎರಡು ಲಾಟೀನು ಕಟ್ಟುತ್ತಿದ್ದರಂತೆ, ಮಳೆಗಾಲ ಮುಗಿದ ಮೇಲೆ ಹೊಸ ದಾರಿ ನೋಡಿಕೊಂಡು ಲಾಟೀನಿನ ಜಾಗ ಬದಲಿಸುತ್ತಿದ್ದರಂತೆ. ಈಗ ಇವರು ಹಿಡಿಯುವುದು ಮೊಬೈಲ್ ಟವರಿನ ಕೆಂಪು ದೀಪವನ್ನು. ಹೋದ ವರ್ಷ ಅದನ್ನು ಐಸ್ ಪ್ಲಾಂಟಿನ ಟ್ಯೂಬ್‌ಲೈಟಿನ ಮೇಲೆ ಇಟ್ಟುಕೊಂಡು ಬರುತ್ತಿದ್ದರು, ಈ ವರ್ಷ ದಾರಿ ಸರಿದಿದೆ, ಪಕ್ಕದ ಬೀದಿದೀಪದ ಮೇಲೆ ಇಡಬೇಕು. ಆದರೆ ಅವತ್ತು ದೀಪಾವಳಿ. ಊರೆಲ್ಲ ಎಲ್‌ಇಡಿ ಸರ, ಆಕಾಶಬುಟ್ಟಿ. ಆ ಒಂದು ಬೀದಿದೀಪ ಯಾವುದು ಅಂತ ಹುಡುಕುವುದೇ ಇವರಿಗೆ ಕಷ್ಟವಾಯಿತು. ಹಬ್ಬದ ದೀಪಗಳಿಗೆ ಬೈದವರನ್ನು ನಾನು ನೋಡಿದ್ದು ಅದೇ ಮೊದಲು!

ಜಿಪಿಎಸ್ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ನಾನು ಓದಿದ ಡಿಗ್ರಿಗೆ ಅವಮಾನ. 2000ನೇ ಇಸವಿಯ ಮೇ ತನಕ ಅಮೆರಿಕದವರು ಬೇಕಂತಲೇ ಜನಸಾಮಾನ್ಯರ ಜಿಪಿಎಸ್‌ಗೆ ತಪ್ಪು ಬೆರೆಸುತ್ತಿದ್ದರು, ನೂರು ಮೀಟರಿನವರೆಗೂ ಆಚೀಚೆ ತೋರಿಸುತ್ತಿತ್ತು. ಅಳಿವೆಯ ದಾರಿ ಕೆಲವು ಕಡೆ ಅಷ್ಟು ಅಗಲವೇ ಇರುವುದಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಅದನ್ನು ನಿಲ್ಲಿಸಿದರು, ಒಂದೇ ರಾತ್ರಿಯಲ್ಲಿ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಆಮೇಲೆ ನಮ್ಮ ದೋಣಿಗಳಲ್ಲೂ ಕೈಯಲ್ಲಿ ಹಿಡಿಯುವ ಯಂತ್ರ ಬಂತು, ದೊಡ್ಡ ಬೋಟುಗಳಲ್ಲಿ ಆಳ ಅಳೆಯುವ ಎಕೋ ಸೌಂಡರೂ ಬಂತು. ಹೊರಸಮುದ್ರದಲ್ಲಿ ಇದು ಜೀವ ಉಳಿಸುವ ವಸ್ತು, ತಂಡೇಲರೂ ಒಪ್ಪುತ್ತಾರೆ. ಮಂಜಿನಲ್ಲಿ, ಮಳೆಯಲ್ಲಿ ಊರಿನ ದಿಕ್ಕು ತಪ್ಪುವುದಿಲ್ಲ. ಅಳಿವೆಯಲ್ಲಿ ಮಾತ್ರ ಯಂತ್ರ ಹೇಳುವುದು ನಾನು ಎಲ್ಲಿದ್ದೇನೆ ಅಂತ. ಮರಳು ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಎಕೋ ಸೌಂಡರ್ ಹೇಳುವುದು ದೋಣಿಯ ಅಡಿಯ ಆಳ, ನಮಗೆ ಬೇಕಾದ್ದು ಹತ್ತು ಮಾರು ಮುಂದಿನದ್ದು.

ಕಲ್ಲು ಸುರಿದು ಅಳಿವೆಯನ್ನು ಕಟ್ಟಿಹಾಕುವ ಕೆಲಸವೂ ನಡೆದಿದೆ. ಮಂಗಳೂರಿನ ಅಳಿವೆಗೆ 1990ರ ದಶಕದಲ್ಲೇ ಬ್ರೇಕ್‌ವಾಟರ್ ಬಂತು, ಪಕ್ಕದ ಉಳ್ಳಾಲದ ಕಡಲ್ಕೊರೆತಕ್ಕೆ ಅದೂ ಕಾರಣ ಅಂತ ಬಹಳ ಚರ್ಚೆಯಾಯಿತು. ಗಂಗೊಳ್ಳಿ-ಕೋಡಿಯಲ್ಲೂ ಈಗ ಎರಡು ಕಡೆಯಿಂದ ಕಲ್ಲಿನ ತೋಳು ಚಾಚಿದೆ. ಉಪಯೋಗ ಇಲ್ಲ ಅಂತ ಯಾರೂ ಹೇಳಲಾರರು. ಆದರೂ ಹೂಳೆತ್ತಿ ಅಂತ ಮನವಿ ಕೊಡುವುದು ನಿಂತಿಲ್ಲ. ಮರಳಿಗೆ ಟೆಂಡರ್ ಗೊತ್ತಾಗುವುದಿಲ್ಲ ತಾನೆ.

ಎಂಟೂವರೆಗೆ ತಂಡೇಲರು ಎದ್ದು ನಿಂತರು. ಕೆಂಪು ದೀಪ ಬೀದಿದೀಪದ ಮೇಲೆ ಬಂದು ಕೂತಿತ್ತು. ಮೋಟಾರ್ ಶುರುವಾಯಿತು, ಆದರೆ ಹೋಗಲಿಲ್ಲ. ಅಲೆ ಎಣಿಸುತ್ತಿದ್ದರು. ಅಲೆಗಳು ಗುಂಪಾಗಿ ಬರುತ್ತವೆ, ನಾಲ್ಕಾರು ದೊಡ್ಡವು ಹೋದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತವೆ. ದೊಡ್ಡದೊಂದು ನಮ್ಮನ್ನು ಎತ್ತಿ ಇಳಿಸಿ ಮುಂದೆ ಹೋಯಿತು. ಅದರ ಬೆನ್ನ ಮೇಲೇ ದೋಣಿ ಬಿಟ್ಟರು. ಅಲೆಯನ್ನು ಹಿಂದೆ ಹಾಕಬಾರದು, ಹಿಂದಿನ ಅಲೆಗೆ ಸಿಗಲೂಬಾರದು. ಎಡಗಡೆ ಅಲೆ ಒಡೆದಲ್ಲಿ ನೀರು ನೀಲಿಯಾಗಿ ಮಿನುಗಿತು, ಆ ಸೂಕ್ಷ್ಮಜೀವಿಗಳ ಬೆಳಕು. ಬಲಗಡೆಯೂ ಮಿನುಗಿತು. ನಡುವೆ ಕಪ್ಪು. ದೋಣಿ ಆ ಕಪ್ಪಿನಲ್ಲಿ ಹೋಗುತ್ತಿತ್ತು. ಮುಂದೆ ಹುಡುಗ ಒಮ್ಮೆ 'ಠಕ್' ಅಂದ. ತಂಡೇಲರು ಮೋಟಾರನ್ನು ಸ್ವಲ್ಪ ಎತ್ತಿ, ಹಿಡಿಯನ್ನು ಒಂದು ಬೆರಳಿನಷ್ಟು ತಿರುಗಿಸಿದರು. ಮತ್ತೆ 'ಠಕ್' ಆಗಲಿಲ್ಲ. ಎಲ್ಲ ಸೇರಿ ಮೂರು ನಿಮಿಷ ಇರಬಹುದು. ನಾನು ಹಿಡಿದುಕೊಂಡ ಹಲಗೆಯ ಗುರುತು ಅಂಗೈಯಲ್ಲಿ ಮರುದಿನವೂ ಇತ್ತು.

ಜೆಟ್ಟಿಗೆ ಬಂದ ಮೇಲೆ ಫೋನ್ ತೆಗೆದು ಅವರಿಗೆ ತೋರಿಸಿದೆ. ಎರಡು ಗೆರೆ, ಹೋದದ್ದು ಒಂದು, ಬಂದದ್ದು ಒಂದು. ಅಳಿವೆಯಲ್ಲಿ ಮಾತ್ರ ಎರಡೂ ಬೇರೆಬೇರೆ. ಇದನ್ನು ಸೇವ್ ಮಾಡಿ ಮಗನಿಗೆ ಕಳಿಸಲಾ ಅಂತ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ನೀರ್ ಎಷ್ಟ್ ಅಂದೇಳಿ ಇತ್ತಾ ಇದ್ರಗೆ?"

ಇಲ್ಲ ಅಂದೆ.

"ಅಂವ ಬತ್ತ ಅಂದ್ರೆ ನಾನೇ ತೋರ್ಸ್ತೆ" ಅಂದು ಬುಟ್ಟಿಯಿಂದ ಆರು ಬಂಗುಡೆ ಎತ್ತಿ ನನ್ನ ಚೀಲಕ್ಕೆ ಹಾಕಿದರು.